ಬುಡೇನ್‌ಸಾಬರು ಹೆಗಲ ಮೇಲಿಟ್ಟ ಕೈ

ಬಹಳ ಹಿಂದೆ, ನಿಮ್ಮ ಅಜ್ಜಂದಿರಿಗೆ ಇನ್ನೂ ಮೀಸೆ ಮೂಡದ ಕಾಲಕ್ಕೆ, ಈ ಏಳು ಸುತ್ತಿನ ಕಣಿವೆ ಕೆಳಗೆ ಒಂದು ಊರಿತ್ತಂತೆ. ಊರ ಬಾಗಿಲಲ್ಲಿ ಒಂದು ಹುಣಸೆಮರ, ಮರದ ಕೆಳಗೆ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಬುಡೇನ್‌ಸಾಬ್ ಮೇಸ್ತ್ರಿ. ಗಾಡಿ ರಿಪೇರಿ ಅಂದರೆ ಸುತ್ತ ಮೂವತ್ತು ಹಳ್ಳಿಗೂ ಅವರೊಬ್ಬರೇ. ನಾನು ಅವರನ್ನ ಕಂಡವನಲ್ಲ, ಕಂಡವರ ಬಾಯಿಂದ ಕೇಳಿದವನು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಮಧ್ಯೆ ಬಾಯಿ ಹಾಕಬೇಡಿ ಅಷ್ಟೇ.

ಮೇಸ್ತ್ರಿಗೆ ಕಿವಿ ಕೇಳ್ತಿರಲಿಲ್ಲವಂತೆ. ಪಕ್ಕದಲ್ಲೇ ಲಾರಿ ಹಾರನ್ ಹೊಡೆದರೂ ತಿರುಗಿ ನೋಡ್ತಿರಲಿಲ್ಲವಂತೆ. ಆದರೆ ಅವರ ಹತ್ತಿರ ಒಂದು ಬಿದಿರ ಕೋಲಿತ್ತು. ಅದರ ಒಂದು ತುದಿ ಗೇರ್‌ಬಾಕ್ಸಿಗೆ ಒತ್ತಿ, ಇನ್ನೊಂದು ತುದಿ ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದರೆ ಸಾಕು, ಒಳಗೆ ಯಾವ ಚಕ್ರದ ಹಲ್ಲು ಸವೆದಿದೆ, ಯಾವ ಬೇರಿಂಗು ಹೋಗಿದೆ ಎಲ್ಲ ಗೊತ್ತಾಗ್ತಿತ್ತಂತೆ. ನೆಲಕ್ಕೆ ಕೋಲು ಊರಿ ಹತ್ತು ಮೈಲಿ ಆಚೆ ಹೋಗೋ ಬಸ್ಸಿನ ಗೇರು ಹೇಳ್ತಿದ್ದರು ಅಂತಲೂ ಅಂತಾರೆ. ಹತ್ತು ಮೈಲಿ ನಾನು ಒಪ್ಪಲ್ಲ. ಒಂದು ಮೈಲಿ ಇರಬಹುದು.

ಅದೇ ಊರಲ್ಲಿ ಓಬಣ್ಣ ಅಂತ ಒಬ್ಬ ಡ್ರೈವರು. ಅವನದೊಂದು ಹಳೇ ಕಾರು, ಉದ್ದ ಮೂಗಿಂದು. ಆಗೆಲ್ಲ ಮದುವೆ ಗಂಡಿನ ಊರಲ್ಲೇ ಆಗೋ ಪದ್ಧತಿ. ಕಣಿವೆ ಆಚೆಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಮದುವೆಗೆ ಹೋಗಿದ್ದು ಆ ಕಾರಲ್ಲೇ ಅಂತೆ. ಇಪ್ಪತ್ತು ವರ್ಷ ಹಾಗೇ ನಡೀತು. ಒಂದು ದಿನ ಕಣಿವೆ ಹತ್ತೋ ರಸ್ತೆಯ ನಾಲ್ಕನೇ ಸುತ್ತಲ್ಲಿ, ಮದುವಣಗಿತ್ತಿ ಒಳಗೆ ಕೂತಿರೋವಾಗ, ಎರಡನೇ ಗೇರು ತಾನಾಗೇ ಜಾರಿ ಬಿಟ್ಟಿತು. ಕಾರು ಹಿಂದಕ್ಕೆ ಉರುಳಿ ರಸ್ತೆಯಂಚಿನ ಕಲ್ಲಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹುಡುಗಿ ಬಾಸಿಂಗ ಕಟ್ಟಿಕೊಂಡೇ ಉಳಿದ ಮೂರು ಸುತ್ತು ನಡೆದಳಂತೆ.

ಜನ ಸುಮ್ಮನಿರ್ತಾರಾ? ಮೊದಲು ಓಬಣ್ಣ ಕುಡಿದಿದ್ದ ಅಂದರು. ಪಾಪ, ಅವನು ಚಹಾನೂ ಕುಡೀದ ಮನುಷ್ಯ. ಆಮೇಲೆ ಕಾರಿಗೇ ಶನಿ ಹಿಡಿದಿದೆ ಅಂದರು. ಒಂದು ಹೆಣ್ಣೂ ಅದರೊಳಗೆ ಕೂರಲಿಲ್ಲ. ಅಷ್ಟರಲ್ಲಿ ಅವನ ಮಗಳು ಬೋರಮ್ಮನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಹೇಳಿ ಕಳಿಸಿದರಂತೆ, ಹುಡುಗಿ ಎತ್ತಿನಗಾಡೀಲಿ ಬರಲಿ, ಆ ಕಾರು ಮಾತ್ರ ಬೇಡ ಅಂತ. ಬೋರಮ್ಮ ಏನು ಕಡಿಮೆಯೇ? ಊರ ಹೆಣ್ಣುಮಕ್ಕಳೆಲ್ಲ ನಮ್ಮಪ್ಪನ ಕಾರಲ್ಲಿ ಹೋದರು, ನಾನು ಅದರಲ್ಲೇ ಹೋಗ್ತೀನಿ, ಇಲ್ಲವಾದರೆ ಹೋಗೋದೇ ಇಲ್ಲ ಅಂದುಬಿಟ್ಟಳಂತೆ. ಮದುವೆಗೆ ಎಂಟು ದಿನ. ಓಬಣ್ಣ ಕಾರು ತಳ್ಳಿಕೊಂಡು ಹುಣಸೆಮರದ ಕೆಳಗೆ ಬಂದ.

ಮೇಸ್ತ್ರಿದು ಒಂದು ಕಟ್ಟಳೆ. ಗೇರ್‌ಬಾಕ್ಸು ಬಿಚ್ಚುವಾಗ ಗಾಡಿಯವನು ಪಕ್ಕದಲ್ಲೇ ಕೂತು ಒಂದೊಂದು ಸಾಮಾನೂ ಕೈಯಲ್ಲಿ ಹಿಡಿದು ನೋಡಬೇಕು. ಓಬಣ್ಣ ಕೂತ. ಚಕ್ರ ಬಂತು, ಬೇರಿಂಗು ಬಂತು. ಕೊನೆಗೆ ಗೇರು ಸರಿಸೋ ಆ ಕವಲು ಬಂತು, ನಾವು ಫೋರ್ಕ್ ಅಂತೀವಲ್ಲ, ಅದು. ಅದರ ಒಂದು ಕಡೆ ಸವೆದು ಸವೆದು ಹಳೇ ಕುಡುಗೋಲಿನ ಹಾಗೆ ತೆಳ್ಳಗಾಗಿತ್ತಂತೆ. ಮೇಸ್ತ್ರಿ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ಗೇರು ಹಾಕಿದ ಮೇಲೆ ಎಡಗೈ ಎಲ್ಲಿರ್ತದೆ ಅಂತ ಕೇಳಿದರು. ಗೇರಿನ ಮೇಲೇ ಇರ್ತದೆ, ಎತ್ತಿನ ಬೆನ್ನ ಮೇಲೆ ಕೈ ಇಟ್ಟ ಹಾಗೆ ಅಂತ ಓಬಣ್ಣ ಸನ್ನೆ ಮಾಡಿ ತೋರಿಸಿದ.

ಮೇಸ್ತ್ರಿ ಕವಲನ್ನ ಕೆಳಗಿಟ್ಟರು. ಬಂದು ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಒಂದು ಕೈ ಇಟ್ಟರು. ಸಮಾಧಾನ ಮಾಡ್ತಿದ್ದಾರೆ ಅಂದುಕೊಂಡ ಓಬಣ್ಣ. ಭಾರವಾ ಅಂತ ಕೇಳಿದರು, ಇಲ್ಲ ಅಂತ ತಲೆ ಆಡಿಸಿದ. ಮೇಸ್ತ್ರಿ ಇನ್ನೊಂದು ಕೈಯಲ್ಲಿ ಚಹಾ ಕುಡಿದರು, ರೊಟ್ಟಿ ತಿಂದರು. ಹೆಗಲ ಮೇಲಿನ ಕೈ ಮಾತ್ರ ತೆಗೀಲಿಲ್ಲ. ಹುಣಸೆಮರದ ನೆರಳು ಶೆಡ್ಡು ದಾಟೋ ಹೊತ್ತಿಗೆ ಓಬಣ್ಣನ ಹೆಗಲು ವಾಲಿ, ಕತ್ತು ಹಿಡಿದು, ಕಣ್ಣಲ್ಲಿ ನೀರು ಬಂದಿತ್ತಂತೆ.

ಆಗ ಮೇಸ್ತ್ರಿ ಅಂದರಂತೆ, "ನಾನು ಒಂದು ದಿನ ಇಟ್ಟೆ, ಓಬಣ್ಣ. ನೀನು ಇಪ್ಪತ್ತು ವರ್ಷ ಇಟ್ಟಿದ್ದೀಯ."

ಓಬಣ್ಣ ಅತ್ತುಬಿಟ್ಟ. ಶನಿಯಲ್ಲ, ಕುಡಿತವಲ್ಲ, ಆ ಕವಲನ್ನ ಸವೆಸಿದ್ದು ತನ್ನ ಕೈಯ ಭಾರವೇ. ಪ್ರೀತಿಯಿಂದ ಇಟ್ಟ ಕೈ ಅಲ್ಲವೇನ್ರೋ ಅದು! ಸಂಕಟ ಆಗೋದಿಲ್ಲವಾ?

ಹೊಸ ಫೋರ್ಕ್ ಎಲ್ಲಿ ಸಿಗಬೇಕು ಆ ಕಾಲಕ್ಕೆ? ಸವೆದ ಜಾಗಕ್ಕೆ ಹಿತ್ತಾಳೆ ಕರಗಿಸಿ ತುಂಬಿ, ಐದು ದಿನ ಅರ ಹಾಕಿ ಉಜ್ಜಿ, ಕೂದಲೆಳೆ ಅಳತೆಗೆ ತಂದರಂತೆ. ಆ ಹಿತ್ತಾಳೆ ದೇವರ ದೀಪದ್ದು ಅಂತ ಕೆಲವರು ಕಥೆ ಕಟ್ಟುತ್ತಾರೆ. ಎಲ್ಲ ಬುರುಡೆ. ಅದು ಒಡೆದುಹೋದ ನಲ್ಲಿಯದ್ದು. ಬೇರಿಂಗು ಬದಲಿಸಿ, ಎಣ್ಣೆ ತುಂಬಿ, ಕೋಲು ಕಚ್ಚಿ ನೋಡಿ, ಓಬಣ್ಣನಿಗೆ ಒಂದೇ ಮಾತು ಹೇಳಿದರು. "ಗೇರು ಹಾಕು. ಕೈ ತೆಗಿ."

ಹೇಳೋದು ಸುಲಭ. ಇಪ್ಪತ್ತು ವರ್ಷದ ರೂಢಿ ಸುಮ್ಮನೆ ಬಿಡ್ತದಾ? ಮದುವೆ ದಿನ ಒಂದನೇ ಸುತ್ತಲ್ಲೇ ಅವನ ಕೈ ಮತ್ತೆ ಗೇರಿಗೆ ಹೋಯಿತಂತೆ. ಹಿಂದೆ ಕೂತಿದ್ದ ಬೋರಮ್ಮ ಅದನ್ನ ನೋಡಿದಳು. ಕಾರು ನಿಲ್ಲಿಸಲು ಹೇಳಿ ಮುಂದಿನ ಸೀಟಿಗೆ ಬಂದಳು. ಗೇರು ಬಿದ್ದ ತಕ್ಷಣ ಅಪ್ಪನ ಎಡಗೈ ಎತ್ತಿ ತನ್ನ ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾಲ್ಕನೇ ಸುತ್ತು ಬಂತು, ಗೇರು ಅಲುಗಲಿಲ್ಲ. ಏಳನೆಯದೂ ಮುಗೀತು. ಯಾತಕ್ಕೂ ಇರಲಿ ಅಂತ ಗಂಡಿನ ಕಡೆಯವರು ಕಣಿವೆ ತಲೆಯಲ್ಲಿ ಎತ್ತಿನಗಾಡಿ ತಂದು ನಿಲ್ಲಿಸಿದ್ದರಂತೆ. ಅದು ಖಾಲಿ ವಾಪಸ್ ಹೋಯಿತು. ಬೋರಮ್ಮ ಅಲ್ಲಿ ಅಪ್ಪನ ಕೈ ಬಿಟ್ಟಳು.

ಮೇಸ್ತ್ರಿ ಹೋಗಿ ಯಾವ ಕಾಲವಾಯಿತೋ. ಶೆಡ್ಡೂ ಇಲ್ಲ. ಆದರೂ ಈ ಕಣಿವೆ ಡ್ರೈವರುಗಳು ಗೇರು ಹಾಕಿದ ಕೈಯನ್ನ ಒಂದು ಸಲ ಎದೆಗೆ ಮುಟ್ಟಿಸ್ತಾರೆ. ಹೊರಗಿನವರು ದೇವರಿಗೆ ನಮಸ್ಕಾರ ಅಂದುಕೊಳ್ತಾರೆ, ಅಂದುಕೊಳ್ಳಲಿ. ಮಗಳನ್ನ ಗಂಡನ ಊರಿಗೆ ಕರೆದೊಯ್ಯುವ ಡ್ರೈವರು ಅವಳನ್ನ ಮುಂದೆ ಕೂರಿಸಿಕೊಳ್ತಾನೆ. ಏಳನೇ ಸುತ್ತಿನವರೆಗೂ ಅವನ ಎಡಗೈ ಅವಳದ್ದು.

ನನ್ನ ಮಗಳೂ ಹಿಡಿದುಕೊಂಡಿದ್ದಳು. ಕಣಿವೆ ತಲೆಯಲ್ಲಿ ಬಿಟ್ಟಳು. ಅಲ್ಲಿಂದ ಮುಂದೆ ಆ ಕೈ ಎಲ್ಲಿಡಬೇಕು ಅಂತ ನನಗೆ ತಿಳೀಲಿಲ್ಲ.