ಖಾಲಿ ಬುಟ್ಟಿಯ ಭಾರ

ಅದು ಎಲ್ಲ ದಿನಗಳಂಥ ದಿನ. ನಾರೆಪ್ಪ ಮತ್ತು ಅವನ ಹೆಂಡತಿ ಅಕ್ಕಯಮ್ಮ ಸೇವಂತಿಗೆ ಬುಟ್ಟಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಿಳಿಗುಂಟೆಯಿಂದ ಪೇಟೆಗೆ ಹೋದರು. ಮಧ್ಯಾಹ್ನ ಹೂ ಕಟ್ಟುತ್ತಾ ಕುಳಿತಿದ್ದ ಅಕ್ಕಯಮ್ಮ ಪಕ್ಕಕ್ಕೆ ವಾಲಿದಳು. ಮತ್ತೆ ಏಳಲಿಲ್ಲ.

ಬಿಳಿಗುಂಟೆಗೂ ಪೇಟೆಗೂ ನಡುವೆ ಹಿಂದೆ ಒಂದು ಸಣ್ಣ ರೈಲು ಓಡುತ್ತಿತ್ತು. ರೈಲು ನಿಂತಿತು, ಹಳಿಗಳನ್ನು ಕಿತ್ತುಕೊಂಡು ಹೋದರು. ಉಳಿದ ಮಣ್ಣಿನ ಏರಿಯ ಮೇಲೆ ಜನ ನಡೆದರು, ಸೈಕಲ್ಲು ತುಳಿದರು. "ರೈಲು ಓಡಿದ ನೆಲ, ಅಂಗೈಯಷ್ಟು ಸಮ" ಎಂದು ಊರವರು ಹೇಳುತ್ತಿದ್ದರು. ಕಣ್ಣಿಗೂ ಅದು ಹಾಗೆಯೇ ಕಾಣುತ್ತಿತ್ತು.

ಗಂಡ ಹೆಂಡತಿ ಬೆಳಿಗ್ಗೆ ಹೂ ಬಾಡುವ ಮುಂಚೆ ಮುಟ್ಟಬೇಕೆಂದು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಸಂಜೆ ಅವಸರವಿರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು, ಮಾತಾಡಿಕೊಂಡು ನಡೆದು ಬರುತ್ತಿದ್ದರು. ಮದುವೆಯಾದಾಗಿನಿಂದ ಹೀಗೆಯೇ.

ತಿಂಗಳು ಕಳೆದ ಮೇಲೆ ನಾರೆಪ್ಪ ಮತ್ತೆ ವ್ಯಾಪಾರಕ್ಕೆ ಹೊರಟ. ಸಂಜೆ ಒಬ್ಬನೇ ನಡೆಯಲು ಮನಸ್ಸಾಗದೆ ಸೈಕಲ್ಲು ಹತ್ತಿದ. ಸೈಕಲ್ಲು ಭಾರವಾಗಿತ್ತು. ಮರುದಿನವೂ ಹಾಗೆಯೇ. ಬೆಳಿಗ್ಗೆ ತುಂಬಿದ ಬುಟ್ಟಿ ಹೊತ್ತರೂ ತಾನೇ ತಾನಾಗಿ ಓಡುತ್ತಿದ್ದ ಸೈಕಲ್ಲು, ಸಂಜೆ ಖಾಲಿ ಬುಟ್ಟಿಯೊಂದಿಗೆ ಮುಂದೆ ಹೋಗಲು ಒಲ್ಲೆ ಎನ್ನುತ್ತಿತ್ತು. ಅವನಿಗೆ ಇದು ಅರ್ಥವಾಗಲಿಲ್ಲ.

ಪೇಟೆಯ ಸೈಕಲ್ ಅಂಗಡಿಯ ಬಾಷಾ ಚಕ್ರ ತಿರುಗಿಸಿ ನೋಡಿದ. ಚೈನಿಗೆ ಎಣ್ಣೆ ಬಿಟ್ಟ.

"ಇದಕ್ಕೇನೂ ರೋಗ ಇಲ್ಲ ನಾರೆಪ್ಪಣ್ಣ. ನೀನು ಹೊಟ್ಟೆಗೆ ಸರಿಯಾಗಿ ತಿಂತಿದ್ದೀಯಾ?"

"ಬೆಳಿಗ್ಗೆ ತಿನ್ನೋದೂ ಅದೇ ಮುದ್ದೆ, ರಾತ್ರಿ ತಿನ್ನೋದೂ ಅದೇ ಮುದ್ದೆ. ಬೆಳಿಗ್ಗೆ ಯಾಕೆ ಭಾರ ಇಲ್ಲ?"

ಬಾಷಾ ಇನ್ನೊಮ್ಮೆ ಚಕ್ರ ತಿರುಗಿಸಿದ.

ಅಕ್ಕ ಮುನಿಲಕ್ಕಮ್ಮನ ಹತ್ತಿರ ಉತ್ತರ ಸಿದ್ಧವಾಗಿತ್ತು. "ಮನೆ ಕಡೆಗೆ ಬರುವಾಗ ಮಾತ್ರ ಭಾರ ಅಂತೀಯ. ಇನ್ನೇನೋ? ಅಕ್ಕಯಮ್ಮ ಹಿಂದೆ ಕೂತು ಮನೆಗೆ ಬರ್ತಾವ್ಳೆ."

ನಾರೆಪ್ಪ ತಿರುಗಿ ಕ್ಯಾರಿಯರ್ ನೋಡಿದ. "ಕೂತಿದ್ರೆ ಕೂತಿರಲಿ ಬಿಡಕ್ಕ. ಅವಳ ಮನೆ ಅಲ್ವಾ?"

"ನಿನಗೆ ಬುದ್ಧಿ ಕೆಟ್ಟಿದೆ. ಪದ್ಮ ಬಾಣಂತನಕ್ಕೆ ಬರಬೇಕು, ಮರ್ತುಬಿಟ್ಯಾ?"

ಪದ್ಮ ಅವನ ಒಬ್ಬಳೇ ಮಗಳು. ಮಾತು ಅವಳ ಗಂಡನ ಮನೆಗೂ ಮುಟ್ಟಿತು. ಬೀಗರು ಹೇಳಿ ಕಳಿಸಿದರು: ಆ ಸೈಕಲ್ಲು ಇರುವ ಮನೆಗೆ ಬಸುರಿಯನ್ನು ಕಳಿಸುವುದಿಲ್ಲ. ಮುನಿಲಕ್ಕಮ್ಮ ದಾರಿ ತೋರಿಸಿದಳು. ಅಮಾವಾಸ್ಯೆಯ ದಿನ ಸೈಕಲ್ಲಿಗೆ ಬೇವಿನಸೊಪ್ಪು ಕಟ್ಟಿ, ಮೂರು ದಾರಿ ಕೂಡುವಲ್ಲಿ ತೆಂಗಿನಕಾಯಿ ಒಡೆದು, ಸೈಕಲ್ಲನ್ನು ಅಲ್ಲಿಯೇ ಬಿಟ್ಟು, ಹಿಂತಿರುಗಿ ನೋಡದೆ ಬರಬೇಕು.

ನಾರೆಪ್ಪನಿಗೆ ಏನೂ ತೋಚಲಿಲ್ಲ. ಬಿಟ್ಟರೆ ಹೆಂಡತಿಯನ್ನು ಬೀದಿಯಲ್ಲಿ ಬಿಟ್ಟು ಬಂದಂತೆ. ಬಿಡದಿದ್ದರೆ ಮಗಳು ಬರುವುದಿಲ್ಲ. ತಾಯಿಯಿಲ್ಲದ ಹುಡುಗಿ ಹೆರಿಗೆಗೆ ತಂದೆಯ ಮನೆಯನ್ನೂ ಕಾಣದೆ ಹೋಗಬೇಕೇ? ಕೊನೆಗೆ, ಬಿಡುತ್ತೇನೆ ಎಂದು ಒಪ್ಪಿಕೊಂಡ.

ಅಮಾವಾಸ್ಯೆಯ ಹಿಂದಿನ ಸಂಜೆ ಅವನು ಪೇಟೆಯಿಂದ ಬರುತ್ತಿದ್ದಾಗ ಮಳೆ ಹಿಡಿಯಿತು. ದಿಬ್ಬವನ್ನು ಕೊರೆದು ರೈಲಿಗೆ ದಾರಿ ಮಾಡಿದ್ದ ಕಡೆ, ಬಂಡೆಯ ಮರೆಯಲ್ಲಿ ನಿಂತ. ಮಳೆ ನಿಂತಾಗ ದಾರಿಯ ಪಕ್ಕದ ಕಲ್ಲು ಚರಂಡಿಯಲ್ಲಿ ನೀರು ಹರಿಯುತ್ತಿತ್ತು. ಊರಿನ ಕಡೆಯಿಂದ ಪೇಟೆಯ ಕಡೆಗೆ.

ಅವನು ಬುಟ್ಟಿಯ ತಳದಲ್ಲಿ ಅಂಟಿದ್ದ ಒಂದು ಎಸಳನ್ನು ನೀರಿಗೆ ಬಿಟ್ಟ. ಅದು ಪೇಟೆಯ ಕಡೆಗೆ ಹೋಯಿತು. ಸೈಕಲ್ಲನ್ನು ಪೇಟೆಯ ಕಡೆ ತಿರುಗಿಸಿ, ಹತ್ತಿ ಕುಳಿತು, ಪೆಡಲ್ ತುಳಿಯದೆ ಕಾಲೆತ್ತಿದ. ಸೈಕಲ್ಲು ಮೆಲ್ಲಗೆ ಹೊರಟಿತು. ಊರಿನ ಕಡೆ ತಿರುಗಿಸಿ ಕುಳಿತ. ಅದು ಕದಲಲಿಲ್ಲ.

ಖುಷಿಪಡಬೇಕೋ ಅಳಬೇಕೋ ತಿಳಿಯದೆ ಅಲ್ಲೇ ನಿಂತ.

ಬೆಳಿಗ್ಗೆ ಅಕ್ಕನನ್ನು ಅದೇ ಜಾಗಕ್ಕೆ ಕರೆದುಕೊಂಡು ಬಂದ. "ಅವಳು ಕೂತಿಲ್ಲಕ್ಕ. ದಾರೀನೇ ಏರು."

"ರೈಲು ದಾರಿ ಏರಂತೆ! ಇಷ್ಟು ವರ್ಷ ಓಡಾಡಿದ ನಿನಗೆ ಗೊತ್ತಾಗ್ಲಿಲ್ವಾ?"

"ಇಲ್ಲ. ನೀನೇ ತಳ್ಳಿ ನೋಡು."

ಮುನಿಲಕ್ಕಮ್ಮ ಸೆರಗು ಬಿಗಿದು, ಸೈಕಲ್ಲನ್ನು ಊರಿನ ಕಡೆಗೆ ತಳ್ಳಿದಳು. ಸ್ವಲ್ಪ ದೂರ ಹೋಗಿ ಏದುಸಿರು ಬಿಟ್ಟು ನಿಂತಳು. ಆಮೇಲೆ ಪೇಟೆಯ ಕಡೆಗೆ ತಿರುಗಿಸಿದಳು. ಸೈಕಲ್ಲು ಅವಳ ಕೈಯಿಂದ ಜಾರಿ ಓಡಿತು. ಅವಳು "ಅಯ್ಯೋ ಹಿಡ್ಕೊಳೋ!" ಎಂದು ಕೂಗಿದಳು. ನಾರೆಪ್ಪ ಓಡಿ ಹಿಡಿದ.

ಅವನು ವಾಪಸ್ ತಂದಾಗ ಅವಳು ಕ್ಯಾರಿಯರನ್ನು ಮುಟ್ಟಿ ನೋಡಿದಳು.

"ಹಾಗಾದ್ರೆ ನಡ್ಕೊಂಡು ಬರುವಾಗ್ಲೂ ನಿನಗೆ ಭಾರ ಅನ್ನಿಸಬೇಕಿತ್ತಲ್ಲೋ," ಎಂದಳು. "ಅಕ್ಕಿ, ಬೇಳೆ ಎಲ್ಲಾ ಹೇರ್ಕೊಂಡು ಬರ್ತಿದ್ರಿ. ಯಾಕೆ ಅನ್ನಿಸಲಿಲ್ಲ?"

"ಗೊತ್ತಿಲ್ಲ. ಅವಳು ಮಾತಾಡ್ತಾ ಇರ್ತಿದ್ಲು."

"ಮಾತು ಸರಿ. ಕೈ ಎಲ್ಲಿರ್ತಿತ್ತು? ನಾನು ಜಗಲಿ ಮೇಲೆ ಕೂತು ದಿನಾ ನೋಡ್ತಿದ್ನಲ್ಲ. ಎರಡು ಕೈಯೂ ಕ್ಯಾರಿಯರ್ ಮೇಲೆ."

ನಾರೆಪ್ಪ ಸೀಟಿನ ಮೇಲೆ ಕೈಯಿಟ್ಟು ನಿಂತ. "ಸುಸ್ತಾಗಿ ಹಿಡ್ಕೊಂಡಿದ್ದಾಳೆ ಅಂದ್ಕೊಂಡಿದ್ದೆ ಅಕ್ಕ. 'ನೇತಾಡಬೇಡವೇ, ಭಾರ ಆಗುತ್ತೆ' ಅಂತ ಬೈತಿದ್ದೆ."

"ಅವಳು ಏನಂತಿದ್ಲು?"

"ನಗ್ತಿದ್ಲು."

"ತಳ್ತಿದ್ಲೋ, ನೇತಾಡ್ತಿದ್ಲೋ?"

"ಈಗ ಯಾರನ್ನ ಕೇಳಲಿ?" ಎಂದ ನಾರೆಪ್ಪ.

ಮುನಿಲಕ್ಕಮ್ಮ ತಂದಿದ್ದ ಬೇವಿನಸೊಪ್ಪನ್ನು ಆಡಿಗೆ ಹಾಕಿದಳು. ತೆಂಗಿನಕಾಯಿಯನ್ನು ಸಾರಿಗೆ ಇಟ್ಟುಕೊಂಡಳು. ಅಂದೇ ಬೀಗರ ಮನೆಗೆ ಹೋಗಿ, "ಭೂತವೂ ಇಲ್ಲ, ಗಾಳಿಯೂ ಇಲ್ಲ, ನಂಬದಿದ್ರೆ ಬಂದು ಒಂದು ಸಲ ತಳ್ಳಿ ನೋಡಿ" ಎಂದು ಜಗಳವಾಡಿ ಬಂದಳು.

ಈ ಕಥೆಯಿಂದ ತಿಳಿಯಬೇಕಾದ ನೀತಿ: ಬದುಕು ಇದ್ದಕ್ಕಿದ್ದಂತೆ ಭಾರವಾದಾಗ ಹೋದವರನ್ನು ದೂರಬೇಡಿ, ನಿಮ್ಮನ್ನೂ ದೂರಿಕೊಳ್ಳಬೇಡಿ. ದಾರಿ ಮೊದಲಿನಿಂದಲೂ ಏರಾಗಿಯೇ ಇದ್ದಿರಬಹುದು. ನಿಮ್ಮ ಹಿಂದೆ ನಡೆದು ಬರುವವರ ಕೈ ಎಲ್ಲಿದೆ ಎಂದು ಅವರು ಇರುವಾಗಲೇ ಒಮ್ಮೆ ತಿರುಗಿ ನೋಡಿ.

ಪದ್ಮ ಸೋಮವಾರ ಬೆಳಗಿನ ಬಸ್ಸಿಗೆ ಬಂದಳು.