ಮುಳುಗಿದ ಮನೆಯವಳನ್ನ ಕೇಳಿ

ಒಂದಾನೊಂದು ಕಾಲದಲ್ಲಿ, ನಿನ್ನ ಅಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಬೆಳ್ಳಕ್ಕಿಕೆರೆ ಅಂತ ಒಂದು ಊರಿತ್ತಂತೆ. ಹತ್ರ ಬಾ, ಕಂಬಳಿ ಹೊದ್ಕೋ, ಹೂಂಗುಡ್ತಾ ಇರು ಕಣೇ ಚೆಲುವಿ. ನೀನು ಹೂಂ ಅನ್ನೋದು ನಿಲ್ಸಿದ್ರೆ ನನಗೆ ಕತೆ ಮರ್ತೋಗುತ್ತೆ. ಹಾಂ, ಹಾಗೆ. ಆ ಊರಿಗೆ ಒಂದು ದೊಡ್ಡ ಕೆರೆ, ಕೆರೆಗೆ ಅಡ್ಡಲಾಗಿ ಮಣ್ಣಿನ ಏರಿ, ಏರಿಯ ಹೊಟ್ಟೇಲಿ ಒಂದು ತೂಬು. ತೂಬು ಅಂದ್ರೆ ಕೆರೆಯ ಬಾಯಿ ಅಂದ್ಕೋ, ತೆರೆದ್ರೆ ನೀರು ಕಾಲುವೆಗೆ ಬರುತ್ತೆ, ಮುಚ್ಚಿದ್ರೆ ನಿಲ್ಲುತ್ತೆ. ಅದನ್ನ ತೆರೆದು ಮುಚ್ಚಿ ಊರ ಗದ್ದೆಗಳಿಗೆಲ್ಲ ನೀರು ಹಂಚೋನಿಗೆ ನೀರುಗಂಟಿ ಅಂತಾರೆ. ಅವನ ಕೈಲಿ ಒಂದು ಉದ್ದನೆ ಕೋಲು ಇರ್ತಿತ್ತಂತೆ. ಗೌಡನ ಮಾತನ್ನಾದ್ರೂ ಮೀರಬಹುದು, ಆ ಕೋಲು ಹಿಡಿದೋನ ಮಾತು ಮೀರೋಹಾಗಿಲ್ಲ.

ಆಗ ನೀರುಗಂಟಿಯಾಗಿದ್ದೋನು ಚಿಕ್ಕೀರಯ್ಯ. ವಯಸ್ಸಾಗಿತ್ತು, ಮೊಣಕಾಲು ಹಿಡ್ಕೊಂಡು ಏರಿ ಹತ್ತೋಕೇ ಆಗ್ತಿರಲಿಲ್ವಂತೆ. ಕೋಲು ಯಾರಿಗೆ ಕೊಡೋದು ಅಂತ ಅವನಿಗೆ ಚಿಂತೆ ಹತ್ಕೊಂಡ್ತು. ಅವನಿಗೆ ಮೂರು ಜನ ಮಕ್ಕಳು, ದೊಡ್ಡೋನು ನಿಂಗಯ್ಯ, ನಡುವಿನೋನು ಕಾಳಯ್ಯ, ಕೊನೇದು ಹೆಣ್ಣು ದೇವೀರಿ. ಬೇರೆ ಕತೆಗಳಲ್ಲಾದ್ರೆ ದೊಡ್ಡೋರಿಬ್ರು ಕೆಟ್ಟೋರು, ಚಿಕ್ಕದೊಂದೇ ಒಳ್ಳೇದು, ಅಲ್ವಾ? ಇಲ್ಲಿ ಹಾಗಿಲ್ಲ ಮಗಾ. ಮೂರೂ ಬಂಗಾರ. ಅದೇ ಚಿಕ್ಕೀರಯ್ಯನ ತಲೆನೋವು. ಒಬ್ಬ ಕೆಟ್ಟೋನಿದ್ದಿದ್ರೆ ಆರಿಸೋದು ಎಷ್ಟು ಸಲೀಸು!

ಆಮೇಲೆ ಅವನೊಂದು ಉಪಾಯ ಮಾಡಿದನಂತೆ. ಒಂದೊಂದು ಬೆಳೆಗೆ ಒಬ್ಬೊಬ್ಬರು ಕೋಲು ಹಿಡೀರಿ, ನೋಡೋಣ ಅಂದನಂತೆ.

ಮೊದಲು ನಿಂಗಯ್ಯ ಹಿಡಿದ. ನಿಂಗಯ್ಯ ಅಂದ್ರೆ ಕಟ್ಟುಪಾಡಿನ ಮನುಷ್ಯ. ಹಿರಿಯರು ಏನು ಕಟ್ಟು ಮಾಡಿದ್ದಾರೋ ಅದು ಕಟ್ಟು, ಅದಕ್ಕೆ ಅಣ್ಣ ಇಲ್ಲ ತಮ್ಮ ಇಲ್ಲ. ಸರತಿ ಪ್ರಕಾರ ನೀರು, ಒಬ್ಬರ ಸರತಿ ಇನ್ನೊಬ್ಬರಿಗಿಲ್ಲ. ಗೌಡ ಒಂದು ಬುಟ್ಟಿ ರಸಪೂರಿ ಮಾವಿನಹಣ್ಣು ತಗೊಂಡು ಬಂದು, ನಿಂಗಯ್ಯ, ನಂದೊಂದು ಗದ್ದೆಗೆ ಇವತ್ತೇ ಬಿಟ್ಬಿಡಪ್ಪ ಅಂದನಂತೆ. ಇವನು ಹಣ್ಣಿನ ಕಡೆ ತಿರುಗೀನೂ ನೋಡದೆ, ಗೌಡ್ರೇ, ನಿಮ್ಮ ಸರತಿ ನಾಳೆ, ಹಣ್ಣು ಮನೇಗೆ ತಗೊಂಡೋಗಿ, ಬಿಸಿಲಿಗೆ ಕೆಡ್ತವೆ ಅಂದನಂತೆ. ಹೇಳು, ಎಂಥ ಗಟ್ಟಿ ಜೀವ! ನಾನಾಗಿದ್ರೆ ಒಂದು ಹಣ್ಣಾದ್ರೂ ಮೂಸಿ ನೋಡ್ತಿದ್ದೆ. ಊರೋರು ಭಲೇ ಅಂದ್ರು. ಆದ್ರೆ ಒಬ್ಬ ಹೆಣ್ಣುಮಗಳಿಗೆ ಅವಳ ಸರತಿ ದಿನವೇ ಹೆರಿಗೆ ನೋವು ಬಂತು, ಗಂಡ ಸೂಲಗಿತ್ತೀನ ಕರೆಯೋಕೆ ಓಡಿದ್ದ, ಗದ್ದೆಗೆ ನೀರು ತಿರುಗಿಸ್ಕೊಳ್ಳೋರೇ ಇಲ್ಲ. ಆಮೇಲೆ ಬಂದು ಕೇಳಿದ್ರೆ, ಸರತಿ ಹೋದದ್ದು ಹೋಯ್ತು, ಒಬ್ಬರಿಗೆ ಕಟ್ಟು ಮುರಿದ್ರೆ ನಾಳೆ ಎಲ್ಲರಿಗೂ ಮುರೀಬೇಕು ಅಂದುಬಿಟ್ಟನಂತೆ. ಅಂದು ಏರಿ ಹಿಂದೆ ಹೋಗಿ ಒಬ್ಬನೇ ಕೂತು ಅತ್ತನಂತೆ. ಅತ್ತ, ಆದ್ರೆ ತೂಬು ಎತ್ತಲಿಲ್ಲ. ಅವರ ಸಸಿ ಒಣಗಿಹೋಯ್ತು.

ಆಮೇಲೆ ಕಾಳಯ್ಯ ಹಿಡಿದ. ಅವನು ಫಲ ನೋಡೋನು. ಕಟ್ಟು ಇರೋದು ಯಾಕೆ, ಊರ ಹೊಟ್ಟೆ ತುಂಬ್ಲಿ ಅಂತ ತಾನೇ, ಎಲ್ಲಿ ನೀರು ಬಿಟ್ರೆ ಊರಿಗೆ ಹೆಚ್ಚು ಒಳ್ಳೇದೋ ಅಲ್ಲಿ ಬಿಡೋಣ ಅಂತ ಹೊರಟನಂತೆ. ಹಾಲು ತುಂಬೋ ತೆನೆಗೆ ಮೊದಲು, ಬಾಯಾರಿಕೆ ತಡೆಯೋ ಗದ್ದೆಗೆ ಆಮೇಲೆ. ಎಂಥ ತಲೆ ಅಂತೀಯ! ಬೆಳ್ಳಕ್ಕಿಕೆರೇಲಿ ಅಷ್ಟು ಭತ್ತ ಯಾವತ್ತೂ ಬೆಳೆದಿರಲಿಲ್ವಂತೆ, ಕಣದಲ್ಲಿ ರಾಶಿ ನೋಡೋಕೆ ಪಕ್ಕದೂರಿಂದ ಜನ ಬಂದ್ರಂತೆ. ಆದ್ರೆ ಊರ ಬಡಗಣ ತಗ್ಗಿನಲ್ಲಿ ಸಾಕವ್ವ ಅಂತ ಒಬ್ಬಳು ಒಂಟಿ ಮುದುಕಿ ಇದ್ದಳು. ಒಂದು ಮಣ್ಣಿನ ಮನೆ, ಮೊರದಗಲ ಗದ್ದೆ, ಎರಡು ಮೇಕೆ, ಬಾಯಿ ಮಾತ್ರ ಊರಗಲ. ಅವಳದ್ದು ಕಲ್ಲುಭೂಮಿ, ಎಷ್ಟು ನೀರು ಕುಡಿಸಿದ್ರೂ ಬೊಗಸೆ ಭತ್ತ. ಅಲ್ಲಿಗೆ ನೀರು ಬಿಡೋದು ದಂಡ ಅಂತ ಕಾಳಯ್ಯ ಅವಳನ್ನ ಯಾವಾಗ್ಲೂ ಕೊನೇಗೆ ಇಡ್ತಿದ್ದನಂತೆ. ಕೊನೇಗೆ ನೀರೇ ಇರ್ತಿರಲಿಲ್ಲ. ಸಾಕವ್ವ ಬಂದು, ಲೋ ಕಾಳ, ಊರಿಗೆಲ್ಲ ಒಳ್ಳೇದು ಮಾಡ್ತೀಯಲ್ಲ, ನಾನು ಯಾವೂರಿನೋಳು ಅಂತ ಕೇಳಿದಳಂತೆ.

ನಿದ್ದೆ ಬಂತಾ? ಇಲ್ಲ ಅಲ್ವಾ? ಸರಿ.

ಆಮೇಲೆ ದೇವೀರಿ. ಅವಳದ್ದು ಕರುಳು. ಕಟ್ಟು ಏನು ಹೇಳುತ್ತೆ, ಫಲ ಏನು ಬರುತ್ತೆ ಅನ್ನೋಕಿಂತ ಮೊದಲು, ಒಳ್ಳೆ ಮನುಷ್ಯರಾದೋರು ಈಗೇನು ಮಾಡ್ತಾರೆ ಅಂತ ಯೋಚಿಸೋಳು. ಎಲ್ಲರ ಮನೆ ಜಗಲೀಲಿ ಕೂರೋಳು, ಕಷ್ಟ ಸುಖ ಕೇಳೋಳು, ಯಾರ ಕಣ್ಣಲ್ಲಿ ನೀರು ಬಂದ್ರೂ ಇವಳ ಕಣ್ಣಲ್ಲೂ ಬರೋದು, ತೂಬಲ್ಲೂ ಬರೋದು. ಬಾಣಂತಿ ಗದ್ದೆಗೆ ಬಿಟ್ಟಳು, ಸಾಕವ್ವನ ಕಲ್ಲುಭೂಮಿಗೂ ಬಿಟ್ಟಳು. ಊರೋರು ಹರಸಿದ್ರು. ಆಮೇಲೆ ಏನಾಯ್ತು ಗೊತ್ತಾ? ಜನ ಅಳೋದು ಕಲಿತುಬಿಟ್ರು! ಬೆಳಗಾದ್ರೆ ಏರಿ ಮೇಲೆ ಗೊಳೋ ಅಂತ ಸಾಲು. ನಮ್ಮ ಗೌಡ ಕಣ್ಣಿಗೆ ಈರುಳ್ಳಿ ತಿಕ್ಕೊಂಡು ಬಂದು, ಅವ್ವಾ ದೇವೀರಿ, ನನ್ನ ಕಬ್ಬು ಅನಾಥ ಆಯ್ತಲ್ಲೇ ಅಂತ ಎದೆ ಬಡ್ಕೊಂಡನಂತೆ. ಅವನಿಗೂ ಬಿಟ್ಟಳು. ಹಾಗೇ ಬಿಟ್ಟು ಬಿಟ್ಟು, ಬಾಯಿ ಸತ್ತೋರು, ಅಳೋಕೆ ನಾಚಿಕೊಳ್ಳೋರು ಇದ್ದರಲ್ಲ, ಅವರ ಗದ್ದೆಗೆ ನೀರೇ ಸಾಲಲಿಲ್ಲ.

ಹೀಗೆ ಮೂವರದ್ದೂ ಮುಗೀತು. ಅಪ್ಪನಿಗೆ ಇನ್ನೂ ತಲೆಕೆಟ್ಟು ಹೋಯ್ತು. ಕೋಲನ್ನ ಸೂರಿಗೆ ಸಿಕ್ಕಿಸಿ, ಮುಂದಿನ ಮಳೆ ಬರಲಿ ಅಂದನಂತೆ.

ಬಂತಲ್ಲ ಮಳೆ! ಆ ವರ್ಷ ಆಕಾಶಕ್ಕೇ ತೂತು ಬಿದ್ದಿತ್ತೋ ಏನೋ. ಕೆರೆ ತುಂಬಿ, ತೂಬು ಪೂರ್ತಿ ತೆರೆದು, ಹೆಚ್ಚಿನ ನೀರು ಆಚೆ ಹರಿಯೋ ಕೋಡೀನೂ ಭೋರ್ಗರೆದ್ರೂ ನೀರು ಏರ್ತಾನೇ ಇತ್ತು. ಒಂದಿನ ಮಟಮಟ ಮಧ್ಯಾಹ್ನ ಏರಿಯ ಬುಡದಲ್ಲಿ ಕೆಸರುನೀರು ಜಿನುಗೋಕೆ ಶುರುವಾಯ್ತಂತೆ. ತಿಳಿನೀರು ಜಿನುಗಿದ್ರೆ ಭಯ ಇಲ್ಲ ಮಗಾ, ಕೆಸರುನೀರು ಬಂತು ಅಂದ್ರೆ ಏರಿ ಒಳಗಿಂದ ಕರಗ್ತಿದೆ ಅಂತ ಲೆಕ್ಕ. ಏರಿ ಒಡೆದ್ರೆ ಕೆಳಗಿನ ಊರಿಗೆ ಊರೇ ಹೋಗುತ್ತೆ, ತೊಟ್ಟಿಲಲ್ಲಿ ಮಲಗಿರೋ ಕೂಸೂ ಸೇರಿ. ಉಳಿಯೋಕೆ ಒಂದೇ ದಾರಿ. ಏರಿಯ ಬಡಗಣ ತುದೀನ ಹಾರೆ ಹಾಕಿ ಕಡಿದ್ರೆ ನೀರು ಆ ಕಡೆ ತಗ್ಗಿಗೆ ನುಗ್ಗಿ ಹಳ್ಳ ಸೇರುತ್ತೆ. ಆ ತಗ್ಗಿನಲ್ಲಿ ಇರೋದು ಯಾರು? ಹೂಂ. ಸಾಕವ್ವ.

ಅಪ್ಪ ಜ್ವರದಲ್ಲಿ ಮಲಗಿದ್ದ. ಮೂವರೂ ಏರಿ ಮೇಲೆ ಮಳೇಲಿ ನೆನೀತಾ ನಿಂತಿದ್ರು. ಕಾಳಯ್ಯ ಹಾರೆ ಎತ್ತಿದ. ಒಂದು ಮನೆ ಹೋದ್ರೆ ಹೋಗ್ಲಿ, ನೂರಾರು ಜೀವ ಉಳಿಯುತ್ತೆ, ಯೋಚನೆ ಏನಿದೆ ಇದ್ರಲ್ಲಿ ಅಂದನಂತೆ. ನಿಂಗಯ್ಯ ಆ ಹಾರೆ ಹಿಡಿದು ತಡೆದ. ನೀರುಗಂಟಿ ಕೈ ಯಾರ ಮನೇನೂ ಮುಳುಗಿಸಕೂಡದು ಅಂತ ತಾತ ನಮ್ಮೆಲ್ಲರ ಕೈಲೂ ಆಣೆ ಹಾಕಿಸ್ಕೊಂಡಿಲ್ವಾ, ಏರಿ ತಾನಾಗೇ ಒಡೆದ್ರೆ ಅದು ಮಳೆ ಮಾಡಿದ್ದು, ಕಡಿದ್ರೆ ನಾವು ಮಾಡಿದ್ದು ಅಂದನಂತೆ. ಕಾಳಯ್ಯ ಅಂದ, ಅಣ್ಣಾ, ಕೈ ಕಟ್ಕೊಂಡು ನಿಂತ್ರೂ ಅದು ನಾವು ಮಾಡಿದ್ದೇ. ಒಬ್ಬರ ಮಾತು ತೆಗೆದುಹಾಕೋ ಹಾಗಿಲ್ಲ, ಇನ್ನೊಬ್ಬರ ಮಾತು ತಳ್ಳಿಹಾಕೋ ಹಾಗಿಲ್ಲ. ದೇವೀರಿ ಮಾತ್ರ, ನಾನು ಬರೋವರೆಗೂ ಕಡೀಬೇಡಿ ಅಂತ ಕೂಗಿ ತಗ್ಗಿಗೆ ಓಡಿಬಿಟ್ಟಳಂತೆ.

ಓಡಿ ಸಾಕವ್ವನ ಮುಂದೆ ನಿಂತು, ಅವ್ವಾ, ಏರಿ ಕಡೀತೀವಿ, ನಿನ್ನ ಮನೆ ಹೋಗುತ್ತೆ ಅಂದಳಂತೆ. ಮುದುಕಿ ಒಲೆ ಮುಂದೆ ಕೂತಿದ್ದೋಳು, ನಾನು ಬೇಡ ಅಂದ್ರೆ ಕಡಿಯೋದು ಬಿಡ್ತೀರೇನೇ ಅಂದಳು. ದೇವೀರಿ ಸುಳ್ಳು ಹೇಳಬಹುದಿತ್ತು ನೋಡು. ಹೇಳಲಿಲ್ಲ. ಬೇಡ ಅಂದ್ರೂ ಕಡೀತೀವಿ ಅವ್ವಾ, ಆದ್ರೆ ನಿನ್ನ ಮುಖ ನೋಡದೆ, ನಿನಗೆ ಹೇಳದೆ ಕಡೀಬಾರ್ದು ಅಂತ ಬಂದೆ ಅಂದಳಂತೆ. ನನಗೆ ಈ ಹುಡುಗಿ ಇಷ್ಟ ಆಗೋದು ಇಲ್ಲೇ ಚೆಲುವಿ. ಸಾಕವ್ವ ಬೈದಳು, ನಿಮ್ಮ ವಂಶ ಹಾಳಾಗ ಅಂದಳು, ನಿಮ್ಮ ಕೆರೆ ಬತ್ತಿಹೋಗ ಅಂದಳು, ಬೈತಾನೇ ಮೇಕೆ ಬಿಚ್ಚಿದಳು. ಬೀಸೋಕಲ್ಲು ಬಿಟ್ಟು ಬರಲ್ಲ ಅಂತ ಹಟ ಹಿಡಿದಳು, ಅತ್ತೆ ಕೊಟ್ಟ ಕಲ್ಲಂತೆ. ದೇವೀರಿ ಕಲ್ಲು ತಲೆ ಮೇಲೆ ಹೊತ್ಕೊಂಡಳಂತೆ.

ಈ ಕಡೆ ಏರಿ ಮೇಲೆ ಊರೋರೆಲ್ಲ ಸೇರಿ, ಕಡೀರೋ ಕಡೀರೋ ಅಂತ ಬೊಬ್ಬೆ. ಗೌಡ ಹಾರೆಗೆ ಕೈ ಹಾಕಿದ. ನಿಂಗಯ್ಯ ಎದೆಯೊಡ್ಡಿ ನಿಂತುಬಿಟ್ಟನಂತೆ. ಮನೆ ಹೋದ್ರೆ ಹೋಗ್ಲಿ, ಅದಕ್ಕೆ ನಾನು ತಾತನಿಗೆ ಉತ್ತರ ಹೇಳ್ಕೋತೀನಿ, ಆದ್ರೆ ಮುದುಕಿ ಮೇಲೆ ಹತ್ತೋವರೆಗೂ ಯಾವನಾದ್ರೂ ಹಾರೆ ಹಾಕಿದ್ರೆ ಮೊದಲು ನನ್ನ ಮೇಲೆ ಹಾಕ್ಲಿ ಅಂದನಂತೆ. ಕಾಳಯ್ಯ ಕೆಸರಲ್ಲಿ ಮಂಡಿಯೂರಿ, ಜಿನುಗೋ ನೀರಿಗೆ ಅಂಗೈ ಒಡ್ಡಿ, ಇನ್ನೂ ತಡೆಯುತ್ತೆ, ಇನ್ನೂ ಸ್ವಲ್ಪ ತಡೆಯುತ್ತೆ, ಯಾರೂ ಹೆದರ್ಕೋಬೇಡಿ ಅಂತ ಹೇಳ್ತಾನೇ ಇದ್ದ. ಆಮೇಲೆ ಮಳೆ ಒಳಗಿಂದ ಎರಡು ಮೇಕೆ ಕಾಣಿಸಿದ್ವು, ಆಮೇಲೆ ಬೈಗುಳ ಕೇಳಿಸ್ತು, ಆಮೇಲೆ ಸಾಕವ್ವ, ಹಿಂದೆ ಬೀಸೋಕಲ್ಲು ಹೊತ್ತ ದೇವೀರಿ. ಅವರ ಕಾಲು ಏರಿ ಪಕ್ಕದ ದಿಬ್ಬ ಮುಟ್ಟಿದ್ದೇ ತಡ ಕಾಳಯ್ಯ ಹಾರೆ ಹಾಕಿದ. ನೀರು ನುಗ್ತು. ಸಾಕವ್ವನ ಮನೆ ಬೆಲ್ಲದ ಹಾಗೆ ಕರಗಿಹೋಯ್ತು, ಗದ್ದೆ ತುಂಬಾ ಕಲ್ಲು ಮರಳು. ಊರು ಉಳೀತು.

ಮಾರನೇ ದಿನ ಮಳೆ ಬಿಡ್ತು. ಊರೋರಿಗೆ ಹಬ್ಬವೋ ಹಬ್ಬ. ಕಾಳಯ್ಯನ್ನ ಹೆಗಲ ಮೇಲೆ ಎತ್ಕೊಂಡು ಚಿಕ್ಕೀರಯ್ಯನ ಮನೆ ಮುಂದೆ ಬಂದು, ಊರು ಉಳಿಸಿದೋನು ಇವನು, ಕೋಲು ಇವನಿಗೇ ಕೊಡು ಅಂದ್ರಂತೆ. ಚಿಕ್ಕೀರಯ್ಯ ಜ್ವರದಲ್ಲೇ ಎದ್ದು ಬಾಗಿಲಿಗೊರಗಿ ನಿಂತು, ಉಳಿದೋರನ್ನ ಕೇಳಿದ್ರೆ ಎಲ್ಲಾ ಸರಿಯಾಗೇ ಇರುತ್ತೆ ಕಣ್ರಪ್ಪ, ಮುಳುಗಿದ ಮನೆಯವಳನ್ನ ಕೇಳಿ ಅಂದನಂತೆ. ಆಗ ನೆನಪಾಯ್ತು ನೋಡು ಜನಕ್ಕೆ! ಸಾಕವ್ವ ಎಲ್ಲಿ, ಸಾಕವ್ವ ಎಲ್ಲಿ ಅಂತ ಹುಡುಕಿದ್ರೆ, ಮಾರಿಗುಡಿ ಕಟ್ಟೆ ಮೇಲೆ ಒದ್ದೆ ಸೀರೇಲಿ ಮೇಕೆ ತಬ್ಕೊಂಡು ಕೂತಿದ್ದಳಂತೆ.

ಕರ್ಕೊಂಡು ಬಂದ್ರು. ಬಂದೋಳು ಮೂವರನ್ನೂ ಸಾಲಾಗಿ ನಿಲ್ಸಿದಳು. ಮೂವರೂ ತಲೆ ತಗ್ಗಿಸಿದ್ರು. ಲೋ ಕಾಳ, ಕಡಿದದ್ದು ಸರಿಯೋ ತಪ್ಪೋ ಅಂದಳು. ಸರಿ ಅವ್ವಾ ಅಂದ. ಹಂಗಾದ್ರೆ ನಿನ್ನೆ ನಿದ್ದೆ ಮಾಡಿದ್ಯಾ ಅಂದಳು. ಕಾಳಯ್ಯ ಊರೋರೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟನಂತೆ. ಇಲ್ಲ ಅವ್ವಾ, ಎಷ್ಟು ಸಲ ಯೋಚನೆ ಮಾಡಿದ್ರೂ ಮಾಡಿದ್ದು ಸರೀನೇ, ಆದ್ರೂ ಕಣ್ಣು ಮುಚ್ಚಿದ್ರೆ ನಿನ್ನ ಗೋಡೆ ಬೀಳೋ ಸದ್ದು ಅಂದ. ಸಾಕವ್ವ ಅವನ ತಲೆ ಮೇಲೆ ಕೈ ಇಟ್ಟಳು. ಆಮೇಲೆ ಊರೋರ ಕಡೆ ತಿರುಗಿ, ಇವನು ಮಾಡಿದ್ದು ಸರಿ, ಆದ್ರೂ ಇವನಿಗೆ ನಿದ್ದೆ ಬರಲಿಲ್ಲ, ನಿಮಗೆಲ್ಲ ಹೆಂಗ್ರಯ್ಯಾ ಬಂತು ಅಂತ ಕೇಳಿದಳಂತೆ.

ಗೌಡ ಪಂಚೆ ತುದೀಲಿ ಕಣ್ಣೊರೆಸ್ಕೊಂಡ. ಈ ಸಲ ಈರುಳ್ಳಿ ಇರಲಿಲ್ಲ.

ಆಮೇಲೆ ಅವಳೇ ಹೇಳಿದಳಂತೆ, ಕೋಲು ಒಬ್ಬರಿಗೆ ಬೇಡ, ಮೂವರಿಗೂ ಕೊಡು ಚಿಕ್ಕೀರಯ್ಯ. ದೊಡ್ಡೋನಿಲ್ದಿದ್ರೆ ನಿನ್ನೆ ನಾನು ನೀರು ಪಾಲು, ನಡುವಿನೋನಿಲ್ದಿದ್ರೆ ಊರು ನೀರು ಪಾಲು, ಈ ಹುಡುಗಿ ಇಲ್ದಿದ್ರೆ ನಾನು ಮನುಷ್ಯಳು ಅನ್ನೋದೇ ನಿಮಗ್ಯಾರಿಗೂ ನೆನಪಾಗ್ತಿರಲಿಲ್ಲ. ಗೌಡ ಕೇಳಿದ, ಮೂವರು ದಿನಾ ಜಗಳ ಆಡಿದ್ರೆ ಏನವ್ವಾ ಗತಿ? ಆಡ್ಲಿ ಬಿಡು, ಅವರ ಜಗಳ ನಿಂತ ದಿನ ನನಗೆ ಹೇಳಿ ಕಳ್ಸು, ಊರು ಬಿಟ್ಟು ಹೋಗ್ತೀನಿ ಅಂದಳಂತೆ ಮುದುಕಿ!

ಆಮೇಲೆ ಊರೋರೆಲ್ಲ ಸೇರಿ ದಿಬ್ಬದ ಮೇಲೆ ಸಾಕವ್ವನಿಗೆ ಮನೆ ಕಟ್ಟಿದ್ರಂತೆ, ಗೌಡನೇ ಮಣ್ಣು ತುಳಿದನಂತೆ. ಕೆಲವರು ಈ ಕತೆ ಹೇಳೋವಾಗ ಅವಳ ಗದ್ದೇಲಿ ಹೊನ್ನಿನ ಕೊಪ್ಪರಿಗೆ ತೇಲಿಬಂತು ಅಂತಾರೆ. ಸುಳ್ಳು. ಕೊಪ್ಪರಿಗೆ ಸಿಗುತ್ತೆ ಅಂತಿದ್ರೆ ಯಾರು ಬೇಕಾದ್ರೂ ಮನೆ ಬಿಟ್ಕೊಡ್ತಿದ್ರು. ಅಲ್ಲಿದ್ದದ್ದು ಬರೀ ಕಲ್ಲು. ಊರೋರು ಬಂದು ಆರಿಸಿದ್ರು, ಕೆಲವು ದಿನ ಆದ್ಮೇಲೆ ಅವರವರ ಕೆಲಸಕ್ಕೆ ಹೋದ್ರು, ಕಾಳಯ್ಯ ಮಾತ್ರ ಬೆಳಗಾದ್ರೆ ಬಂದು ಒಬ್ಬನೇ ಕಲ್ಲು ಹೆಕ್ತಿದ್ದನಂತೆ. ಬೇಸಿಗೆ ಹೋಯ್ತು, ಮಳೆ ಬಂತು, ಆ ನೆಲದಲ್ಲಿ ಹಸಿರು ಕಾಣಿಸ್ತು. ಒಂದಿನ ಸಾಕವ್ವ ಅವನಿಗೆ ಬಿಸಿ ಮುದ್ದೆ, ಅವರೆಕಾಳು ಸಾರು ತಂದು ಬದುವಿನ ಮೇಲೆ ಕೂತು, ಮಗಾ, ಈಗ ನಿದ್ದೆ ಬರುತ್ತೇನೋ ಅಂತ ಕೇಳಿದಳಂತೆ. ಬರುತ್ತೆ ಅವ್ವಾ ಅಂದ. ಹಂಗಾದ್ರೆ ಉಂಡು ಮನೇಗೆ ಹೋಗು, ಇನ್ನುಳಿದ ಕಲ್ಲು ನಾನೇ ಆರಿಸ್ಕೋತೀನಿ ಅಂದಳಂತೆ.

ಚೆಲುವಿ? ಏ ಚೆಲುವಿ? ಹೂಂ ಅನ್ನೋದು ಯಾವಾಗ ನಿಲ್ಸಿದೆಯೇ? ಮಲ್ಕೋ ನನ್ನ ಬಂಗಾರ, ಅವನೂ ಮಲಗಿದ, ಕತೆ ಮುಗೀತು.