ಮೊಲ ಕಾಣದ ಮುಖ

ಕಾಡಿನ ಚೆಂಡಾಟದ ತಂಡಕ್ಕೆ ತಾಲೀಮು ನಡೆದಿತ್ತು. ಚೆಂಡು ಹಿಡಿದ ಮೊಲವನ್ನು ಎದುರಾಳಿ ತೋಳಗಳು ಮುಟ್ಟದಂತೆ ಐದು ಪ್ರಾಣಿಗಳು ಅದರ ಮುಂದೆ ಗೋಡೆಯಾಗಿ ನಿಲ್ಲಬೇಕು. ನಾಲ್ಕು ಜಾಗ ಭರ್ತಿಯಾಗಿದ್ದವು. ಉಳಿದ ಒಂದಕ್ಕೆ ಕಾಡುಹಂದಿಗೂ ಕೋಣನಿಗೂ ಪೈಪೋಟಿ ಬಿದ್ದಿತ್ತು. ತಂಡದ ಗುರುವಾದ ಆನೆ ಇಬ್ಬರನ್ನೂ ಸರದಿಯ ಮೇಲೆ ನಿಲ್ಲಿಸಿ ನೋಡುತ್ತಿತ್ತು.

ಹಂದಿಯ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದು ತೋಳವನ್ನು ಕೆಡವಿದ್ದೇ ತಡ, ಹಿಂದಿನ ದಿಬ್ಬದ ಮೇಲಿದ್ದ ಆನೆ ಅದನ್ನು ಕಂಡಿತೋ ಇಲ್ಲವೋ ಎಂದು ತಿರುಗಿ ನೋಡುತ್ತಿತ್ತು. ಆನೆ ತಲೆಯಾಡಿಸದಿದ್ದರೆ, ಹಂದಿಗೆ ತನ್ನ ಜಾಗ ಹೋಯಿತೆಂಬ ಭಯ. ತಲೆಯಾಡಿಸಿದರೆ, ಕೋಣನಿಗೂ ಹೀಗೇ ತಲೆಯಾಡಿಸಿರಬಹುದೇ ಎಂಬ ಅನುಮಾನ. ಹೀಗೇ ಹತ್ತು ದಿನ ಅದಕ್ಕೆ ಮೇವು ರುಚಿಸಲಿಲ್ಲ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಿತು: “ಗುರುಗಳೇ, ಇವತ್ತು ನಾನು ಏಳು ತೋಳಗಳನ್ನು ಕೆಡವಿದೆ. ಕೋಣ ಒಂದನ್ನೂ ಕೆಡವಲಿಲ್ಲ, ಬರಿದೇ ಅಡ್ಡ ನಿಂತಿತ್ತು. ಜಾಗ ಯಾರಿಗೆ?”

“ನನ್ನನ್ನೇಕೆ ಕೇಳುತ್ತೀಯೆ? ನಿಮ್ಮಿಬ್ಬರ ಬೆನ್ನ ಹಿಂದೆ ನಿಂತ ಮೊಲವನ್ನು ಕೇಳು,” ಎಂದಿತು ಆನೆ.

ಮೊಲ ತನ್ನ ಮೈಮೇಲೆ ತೋಳ ಪರಚಿದ ಗಾಯ ನೆಕ್ಕುತ್ತ ಹೇಳಿತು: “ಹಂದಿಯಣ್ಣ, ನಿನ್ನ ಮುಖ ನನಗೆ ಚೆನ್ನಾಗಿ ಗೊತ್ತು. ಆಟ ನಡೆಯುವಾಗ ಕೋಣನ ಮುಖ ಹೇಗಿರುತ್ತದೆಯೋ, ಒಂದು ದಿನವೂ ನೋಡಿಲ್ಲ.”